ಸುರಂಗ ತೋಡಿದವರ ನೆನಪಿಗೆ ರಸ್ತೆಬದಿಯ ಶಿಲ್ಪ: ಆಕಾರ ಸಿಗುತ್ತಿಲ್ಲ, ನಿಮ್ಮ ಯೋಚನೆ ಹೇಳಿ

ಪದವಿನ ಶಿಲ್ಪಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬಾಯಾರು ಕಡೆಯವನು. ಮೈಸೂರಿನಲ್ಲಿ ಶಿಲ್ಪಕಲೆ ಕಲಿತು ಊರಿಗೆ ಬಂದು ಒಂಬತ್ತು ವರ್ಷವಾಯಿತು. ದೈವಸ್ಥಾನಗಳ ಸಿಮೆಂಟ್ ಕೆಲಸ, ಶಾಲೆಗಳಿಗೆ ಗಾಂಧೀಜಿ, ನಾರಾಯಣ ಗುರುಗಳ ಮೂರ್ತಿ, ಹೀಗೆ ಜೀವನ ನಡೆದಿದೆ. ಈಗ ನಮ್ಮೂರ ಹುಡುಗರು ಸೇರಿ ಒಂದು ಕೆಲಸ ಒಪ್ಪಿಸಿದ್ದಾರೆ. ಬಸ್ಸು ತಿರುಗುವ ಜಾಗದಲ್ಲಿ, ಹಳೆಯ ಅಶ್ವತ್ಥಕಟ್ಟೆಯಿಂದ ಇಪ್ಪತ್ತು ಹೆಜ್ಜೆ ಈಚೆ, ಸುರಂಗ ತೋಡಿದವರ ನೆನಪಿಗೆ ಒಂದು ಶಿಲ್ಪ ಆಗಬೇಕಂತೆ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಇಲ್ಲಿ ಸುರಂಗ ಎಂದರೆ ರೈಲಿನದ್ದಲ್ಲ. ಗುಡ್ಡದ ಮುರಕಲ್ಲನ್ನು, ಅಂದರೆ ನಮ್ಮ ಕಡೆಯ ತೂತುತೂತಾದ ಕೆಂಪು ಕಲ್ಲನ್ನು, ಅಡ್ಡಕ್ಕೆ ಕೊರೆದು ಒಳಗಿನ ಒರತೆಯನ್ನು ಪಂಪು, ಕರೆಂಟು ಯಾವುದೂ ಇಲ್ಲದೆ ತೋಟಕ್ಕೆ ಹರಿಸುವ ದಾರಿ. ನಮ್ಮ ಅಡಕೆ ಬದುಕಿದ್ದೇ ಅದರಿಂದ.

ಹುಡುಗರ ಮನಸ್ಸಿನಲ್ಲಿರುವ ಚಿತ್ರ ಸ್ಪಷ್ಟ. ಹೆಗಲ ಮೇಲೆ ಪಿಕ್ಕಾಸು ಇಟ್ಟು ಎದೆಯುಬ್ಬಿಸಿ ನಿಂತ ಒಬ್ಬ ಮನುಷ್ಯ, ಮೇಲೆ ಚಿನ್ನದ ಬಣ್ಣ. ಹದಿನಾಲ್ಕು ಇಂಚಿನ ಮಣ್ಣಿನ ಮಾದರಿ ಮೂರು ಸಲ ಮಾಡಿದೆ, ಮೂರು ಸಲವೂ ಮುದ್ದೆ ಮಾಡಿ ಮತ್ತೆ ಬಕೆಟ್ಟಿಗೆ ಹಾಕಿದೆ. ಕೈಕಾಲಿನ ಅಳತೆ ಸರಿಯಾಗಿಯೇ ಬಂದಿತ್ತು. ಆದರೆ ಅವನು ನಮ್ಮೂರಿನವನಾಗಿರಲಿಲ್ಲ. ಯಾವ ಊರಿನ ಯಾವ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಿಸಿದರೂ ನಡೆಯುತ್ತಿತ್ತು.

ಕಳೆದ ವಾರ ನಮ್ಮದೇ ಸುರಂಗದೊಳಗೆ ಟಾರ್ಚ್ ಹಿಡಿದು ಹೋದೆ. ಚಿಕ್ಕಂದಿನಲ್ಲಿ ಹೋಗಿದ್ದು ಬಿಟ್ಟರೆ ಈಗಲೇ. ಎರಡೂ ಭುಜ ಗೋಡೆಗೆ ಉಜ್ಜುವಷ್ಟು ಕಿರಿದು. ಪಾದ ಮುಳುಗುವಷ್ಟು ನೀರು. ಗೋಡೆಯುದ್ದಕ್ಕೂ ಪಿಕ್ಕಾಸಿನ ಏಟುಗಳು ಒಂದೇ ಓರೆಯಲ್ಲಿ, ಮೀನಿನ ಹುರುಪೆಯಂತೆ ಒಂದರ ಬದಿಯಲ್ಲಿ ಒಂದು. ಎದೆಮಟ್ಟದಲ್ಲಿ ಅಲ್ಲಲ್ಲಿ ಅಂಗೈಯಷ್ಟು ಗೂಡು, ಮೇಣದಬತ್ತಿ ಇಡಲು ಕೊರೆದದ್ದು. ಒಂದು ಗೂಡಿನ ಮಾಡಿನಲ್ಲಿ ಮಸಿ ಇನ್ನೂ ಇದೆ. ಬೆರಳು ಹಚ್ಚಿದರೆ ಬರುತ್ತದೆ. ಇದನ್ನು ತೋಡಿದವರು ತೀರಿಹೋಗಿ ನಲವತ್ತು ವರ್ಷ ಆಗಿದೆ.

ಆ ಮಸಿ ನೋಡಿದ ಮೇಲೆ ಎದೆಯುಬ್ಬಿಸಿ ನಿಂತ ಮನುಷ್ಯನನ್ನು ಮಾಡಲು ಕೈ ಬರುತ್ತಿಲ್ಲ. ಸಾರ್ವಜನಿಕ ಜಾಗಕ್ಕೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ, ಆಕಾರ ನಿಮಗೆ ಎಲ್ಲಿಂದ ಸಿಗುತ್ತದೆ? ಇನ್ನೊಂದು ಪ್ರಶ್ನೆ, ಸಿಮೆಂಟೋ ಮುರಕಲ್ಲೋ? ಕೈಯಲ್ಲಿರುವುದು ಸಣ್ಣ ಮೊತ್ತ, ಕಂಚಿನ ಮಾತೇ ಇಲ್ಲ.

ಚಂದ್ರಗಿರಿ ದಡ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ಮೂವತ್ತು ವರ್ಷ ಕಾಂಕ್ರೀಟ್ ನೋಡಿದವನು.

ರಸ್ತೆಬದಿಯ ಸಿಮೆಂಟ್ ಮೂರ್ತಿಗಳು ಬಿರಿಯುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಳಗಿನ ಕಂಬಿ. ಬೆರಳು, ಮೂಗು, ಬಟ್ಟೆಯ ನೆರಿಗೆ ತೆಳ್ಳಗೆ ಬರಲಿ ಎಂದು ಶಿಲ್ಪಿಗಳು ಕಂಬಿಯ ಮೇಲೆ ಅರ್ಧ ಇಂಚು ಗಾರೆ ಹಾಕುತ್ತಾರೆ. ನೀರು ಒಳಗೆ ಹೋಗುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಸಿಮೆಂಟನ್ನು ಒಳಗಿನಿಂದಲೇ ಒಡೆದು ಹೊರಗೆ ಬರುತ್ತದೆ. ಕಟ್ಟಡಗಳಿಗಿರುವ ಐಎಸ್ 456 ಸಂಹಿತೆ ತೀವ್ರ ವಾತಾವರಣಕ್ಕೆ 45 ಮಿಲಿಮೀಟರ್, ಅತಿ ತೀವ್ರಕ್ಕೆ 50 ಮಿಲಿಮೀಟರ್ ಹೊದಿಕೆ ಬೇಕೆನ್ನುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಪಿಕ್ಕಾಸಿನ ಹಿಡಿ, ಚಾಚಿದ ಕೈ ಇವಕ್ಕೆಲ್ಲ 45 ಮಿಲಿಮೀಟರ್ ಹೊದಿಕೆ ಕೊಟ್ಟರೆ ಅದು ಕೈಯಾಗಿ ಉಳಿಯುವುದಿಲ್ಲ, ಬಾಳೆದಿಂಡು ಆಗುತ್ತದೆ. ಆದ್ದರಿಂದ ಸಿಮೆಂಟ್ ಆದರೆ ಗಟ್ಟಿಯಾದ, ಒಟ್ಟಾದ ಆಕಾರ ಯೋಚಿಸಿ. ಕೈಕಾಲು ಮೈಗೆ ಅಂಟಿರಲಿ. ಹತ್ತು ದಿನವಾದರೂ ಒದ್ದೆ ಗೋಣಿ ಹೊದಿಸಿ ಕ್ಯೂರಿಂಗ್ ಮಾಡಿ. ಉದ್ಘಾಟನೆಯ ದಿನ ನಿಗದಿಯಾಗಿದೆ ಎಂದು ಅದನ್ನು ಮೊಟಕು ಮಾಡಬೇಡಿ.

ಸುರಂಗದ ಮಗಳು

ಅಪ್ಪ ಸುರಂಗ ತೋಡುವವರಾಗಿದ್ದರು. ಈಗ ಎಪ್ಪತ್ತನಾಲ್ಕು. ಈ ಚರ್ಚೆಯನ್ನು ಊಟದ ಹೊತ್ತಿಗೆ ಅವರಿಗೆ ಓದಿ ಹೇಳಿದೆ.

ಚಿನ್ನದ ಬಣ್ಣದ ಮಾತು ಬಂದಾಗ ಊಟ ನಿಲ್ಲಿಸಿ, "ಸುರಂಗದಿಂದ ಹೊರಗೆ ಬಂದವನ ಬಣ್ಣ ಕೆಂಪು" ಎಂದರು. ನಿಜ. ಅಮ್ಮ ಅವರ ಪಂಚೆಯನ್ನು ಬೇರೆಯೇ ಒಗೆಯುತ್ತಿದ್ದರು, ತೋಡಿನ ನೀರು ಅರ್ಧ ಗಂಟೆ ಕೆಂಪಾಗಿ ಹರಿಯುತ್ತಿತ್ತು.

ಅವರು ನೆಟ್ಟಗೆ ನಿಂತು ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ಮೇಲಿನ ಭಾಗ ಬಗ್ಗಿ ಕಡಿಯುವುದು, ಕೆಳಗಿನ ಭಾಗ ಕುಕ್ಕರಗಾಲಲ್ಲಿ ಕೂತು. ಅಗಲ ಎಷ್ಟು ಎಂದರೆ ತೋಡುವವನ ಭುಜ ಎಷ್ಟೋ ಅಷ್ಟು, ಅದಕ್ಕಿಂತ ನಾಲ್ಕು ಬೆರಳು ಹೆಚ್ಚು. ಹೆಚ್ಚು ಅಗಲ ಮಾಡಿದರೆ ಮಾಡು ಕುಸಿಯುವ ಭಯ, ಮಣ್ಣು ಹೊರುವ ಕೆಲಸವೂ ಹೆಚ್ಚು. ಅಂದರೆ ಪ್ರತಿ ಸುರಂಗವೂ ಅದನ್ನು ತೋಡಿದವರ ಮೈಯ ಅಳತೆ. ಉದ್ದಕ್ಕೆ ಮಾತ್ರ ಕೋಲಿನ ಲೆಕ್ಕ, ಕೋಲಿಗೆ ಇಷ್ಟು ಎಂದು ಕೂಲಿ. ಬತ್ತಿ ಮಂಕಾದರೆ ಉಸಿರಿಗೆ ಗಾಳಿ ಸಾಲದು ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು. ಮುರಕಲ್ಲು ಮುಗಿದು ಬಿಳಿಯ ಶೇಡಿಮಣ್ಣು ಕಾಣಿಸಿಕೊಂಡರೆ ಅವರ ದನಿಯೇ ಬದಲಾಗುತ್ತಿತ್ತು. ನೀರು ಅಲ್ಲೇ ಎಲ್ಲೋ ಇದೆ, ಆದರೆ ಕುಸಿಯುವ ಮಣ್ಣೂ ಅದೇ.

ನೀವು ಮಾಡಿದ ಮನುಷ್ಯನನ್ನು ತೋರಿಸಿ ಇದು ನೀವೇ ಎಂದರೆ ಅಪ್ಪ ಒಪ್ಪುವುದಿಲ್ಲ. ಅವರ ಬಲಭುಜ ಎಡದಕ್ಕಿಂತ ಎರಡು ಬೆರಳು ಕೆಳಗಿದೆ. ಅದು ಯಾವ ಮೂರ್ತಿಯಲ್ಲಿ ಬರುತ್ತದೆ?

ಕುಂಬಳೆ ಸೀಮೆ

ನಾನು ಬೇರೆ ಮಾತು ಹೇಳುತ್ತೇನೆ, ಬೇಸರ ಬೇಡ.

ಜನಕ್ಕೆ ಮುಖ ಬೇಕು. ಕಲಾವಿದರು ಊರಿಗೆ ಬಂದು ಅರ್ಥವಾಗದ ಆಕಾರ ನಿಲ್ಲಿಸಿ ಹೋಗುತ್ತಾರೆ, ಎರಡು ವರ್ಷದಲ್ಲಿ ಅದಕ್ಕೆ ಫ್ಲೆಕ್ಸ್ ಕಟ್ಟುತ್ತಾರೆ. ಮುಖ ಇದ್ದರೆ ಹಾಗಲ್ಲ. ವರ್ಷಕ್ಕೊಮ್ಮೆಯಾದರೂ ಒಬ್ಬ ಮಾಲೆ ಹಾಕುತ್ತಾನೆ, ಮಗು "ಇವರು ಯಾರು" ಎಂದು ಕೇಳುತ್ತದೆ. ಸುರಂಗ ತೋಡಿದವರಲ್ಲಿ ಹೆಚ್ಚಿನವರ ಹೆಸರು ಯಾವ ಕಡತದಲ್ಲೂ ಇಲ್ಲ, ಫೋಟೋ ಇಲ್ಲ. ಭೂಮಿ ಇದ್ದವರ ಹೆಸರಿನಲ್ಲಿ ಸುರಂಗ ಉಳಿಯಿತು, ತೋಡಿದವರು ಕೂಲಿ ತೆಗೆದುಕೊಂಡು ಹೋದರು. ಈಗ ಒಮ್ಮೆ ಅವಕಾಶ ಸಿಕ್ಕಿದಾಗ ಅವರಿಗೆ ಮುಖವನ್ನೂ ಕೊಡದಿದ್ದರೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ.

ನಮ್ಮ ಜಿಲ್ಲೆಯವರೇ ಆದ ಶಿಲ್ಪಿ ಕಾನಾಯಿ ಕುಂಞಿರಾಮನ್ ಅವರನ್ನು ನೋಡಿ. ಚೆರುವತ್ತೂರು ಬಳಿಯ ಕುಟ್ಟಮತ್ತಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ, ಲಂಡನ್ನಿನ ಸ್ಲೇಡ್ ಶಾಲೆಯಲ್ಲಿ ಕಲಿತು ಬಂದವರು. ಕೊಚ್ಚಿಯಲ್ಲಿ 'ಮುಕ್ಕೋಲ ಪೆರುಮಾಳ್' ಎಂಬ ಶುದ್ಧ ಆಕಾರದ ಶಿಲ್ಪವನ್ನೂ ಮಾಡಿದ್ದಾರೆ. ಆದರೆ ಜನರ ಬಾಯಲ್ಲಿ ಉಳಿದದ್ದು ಮಲಂಪುಳ ಅಣೆಕಟ್ಟಿನ ಬಳಿಯ ಯಕ್ಷಿ, ತಿರುವನಂತಪುರದ ಶಂಖುಮುಖ ಕಡಲತೀರದ ಸಾಗರಕನ್ಯೆ. ಎರಡೂ ಮನುಷ್ಯ ರೂಪ.

ಪದವಿನ ಶಿಲ್ಪಿ

@ಕುಂಬಳೆ ಸೀಮೆ, ಬೇಸರ ಯಾಕೆ. ಎರಡನೇ ಸಲ ಅನ್ಯಾಯ ಎಂದಿರಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ.

ಕಾನಾಯಿಯವರ ಯಕ್ಷಿಯನ್ನು ನೋಡಲೆಂದೇ ಕಾಲೇಜಿನ ದಿನಗಳಲ್ಲಿ ಪಾಲಕ್ಕಾಡಿಗೆ ಹೋಗಿದ್ದೆ. 1969ರ ಕೆಲಸ, ಸುಮಾರು 30 ಅಡಿ. ಫೋಟೋದಲ್ಲಿ ನೋಡಿದವರು ಅದರ ನಗ್ನತೆಯ ಬಗ್ಗೆ ಮಾತಾಡುತ್ತಾರೆ, ಆಗ ವಿರೋಧ ಎದ್ದದ್ದೂ ಅದಕ್ಕೇ. ಎದುರಿಗೆ ನಿಂತರೆ ಮೊದಲು ಕಾಣುವುದು ಹಿಂದಿನ ಗುಡ್ಡ. ಕಾಲು ಚಾಚಿ ಕೂತ ಆ ಹೆಣ್ಣಿನ ಮಂಡಿ, ಭುಜ, ತಲೆ ಇವುಗಳ ಏರಿಳಿತವೂ ಹಿಂದಿನ ಬೆಟ್ಟಸಾಲಿನ ಏರಿಳಿತವೂ ಒಂದೇ ಉಸಿರಿನಲ್ಲಿವೆ. ಅಣೆಕಟ್ಟು ಕಟ್ಟಿದ ಜಾಗದಲ್ಲಿ ಗುಡ್ಡವೇ ಎದ್ದು ಕೂತ ಹಾಗೆ. ಆ ಮೂರ್ತಿಯನ್ನು ಎತ್ತಿ ಬೇರೆ ಕಡೆ ಇಟ್ಟರೆ ಅರ್ಧ ಶಿಲ್ಪ ಮಲಂಪುಳದಲ್ಲೇ ಉಳಿಯುತ್ತದೆ. ಸಾಗರಕನ್ಯೆಯ ಪಕ್ಕದಲ್ಲಿ ವಾಯುಪಡೆಯ ಹಳೆಯ ಹೆಲಿಕಾಪ್ಟರ್ ತಂದು ನಿಲ್ಲಿಸಿದಾಗ ಅವರು ಅಷ್ಟು ನೊಂದದ್ದು ಯಾಕೆ? ಮೂರ್ತಿಯನ್ನು ಯಾರೂ ಮುಟ್ಟಿರಲಿಲ್ಲ. ಅದರ ಸುತ್ತಲಿನ ಬಯಲನ್ನು ಮುಟ್ಟಿದ್ದರು.

ಹಾಗಾಗಿ ಮನುಷ್ಯ ರೂಪವೋ ಅಲ್ಲವೋ ಎನ್ನುವುದಕ್ಕಿಂತ, ಆ ಜಾಗ ಏನು ಕೇಳುತ್ತದೆ ಎಂದು ಮೊದಲು ನೋಡೋಣ ಎನಿಸಿತು. ಮೂರು ದಿನ ಹೋಗಿ ಸುಮ್ಮನೆ ಕೂತೆ. ಬೆಳಿಗ್ಗೆ ಎಂಟಕ್ಕೆ ಶಾಲೆಯ ಮಕ್ಕಳು. ಮೋರಿಯ ದಂಡೆಯ ಮೇಲೆ ಬ್ಯಾಗ್ ಇಟ್ಟು ಅದಕ್ಕೇ ಒರಗುತ್ತಾರೆ. ಹನ್ನೆರಡಕ್ಕೆ ಸೊಸೈಟಿಯಿಂದ ಅಕ್ಕಿ ತಂದ ಹೆಂಗಸರು, ಕೂರಲು ಜಾಗವಿಲ್ಲದೆ ಚೀಲದ ಮೇಲೇ ಕೂರುತ್ತಾರೆ. ನಾಲ್ಕರ ನಂತರ ಬಿಸಿಲು ಪಶ್ಚಿಮದಿಂದ ಓರೆಯಾಗಿ ಬಿದ್ದು ರಸ್ತೆ ಕಡಿದ ಗುಡ್ಡೆಯ ಬರೆ ಕೆಂಡದ ಹಾಗೆ ಕಾಣುತ್ತದೆ. ಅಲ್ಲಿ ಬೇಕಾದದ್ದು ಒರಗಲು, ಕೂರಲು ಆಗುವ ಏನೋ ಒಂದು. ಪೀಠದ ಮೇಲೆ ನಿಂತವನಿಗೆ ಯಾರೂ ಒರಗುವುದಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಐದು ವರ್ಷದ ಹಿಂದೆ ಒಂದು ಊರಿಗೆ ಹೊಲ ಉಳುವವನ ಮೂರ್ತಿ ಮಾಡಿಕೊಟ್ಟೆ. ಮಣ್ಣಿನ ಬಣ್ಣದ ಗಾರೆ, ತಿಂಗಳುಗಟ್ಟಲೆ ಮರಳು ಜರಡಿ ಹಿಡಿದು ಹದ ಮಾಡಿದ್ದು. ಆರು ತಿಂಗಳ ಬಳಿಕ ಆ ದಾರಿಯಲ್ಲಿ ಹೋದರೆ ಮೈಗೆಲ್ಲ ಆಯಿಲ್ ಪೇಂಟ್, ತುಟಿಗೆ ಕೆಂಪು. ಕೇಳಿದಾಗ "ಚಂದ ಕಾಣಲಿ ಎಂದು" ಎಂದರು. ಅವರಿಗೆ ಪ್ರೀತಿ ಇತ್ತು, ಅದರಲ್ಲಿ ಸಂಶಯವಿಲ್ಲ. ಮಾಡುವಾಗ ಒಮ್ಮೆಯೂ ಅವರನ್ನು ಹತ್ತಿರ ಕರೆಯದೆ, ತಟ್ಟಿ ಕಟ್ಟಿಕೊಂಡು ಒಳಗೆ ಕೆಲಸ ಮಾಡಿ, ಕೊನೆಯ ದಿನ ಬಟ್ಟೆ ಸರಿಸಿ ತೋರಿಸಿದವನು ನಾನು. ಆ ಬಣ್ಣದ ಹಿಂದೆ ನನ್ನ ತಪ್ಪೂ ಇದೆ. ಈ ಸಲ ತಟ್ಟಿ ಕಟ್ಟುವುದಿಲ್ಲ.

ಹಲಸಿನ ಉಳಿ

ನಾನು ಮರದವನು. ಭೂತದ ಮೂರ್ತಿ, ಉಯ್ಯಾಲೆ, ಪಲ್ಲಕ್ಕಿ ಕೆತ್ತುವವರ ಬಳಿ ಹನ್ನೆರಡು ವರ್ಷ ಇದ್ದೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಲ್ಲಿರುವ ಆಳೆತ್ತರದ ಮರದ ಭೂತಗಳನ್ನು ನೋಡಿದವರಿಗೆ ಗೊತ್ತು, ಅವುಗಳಲ್ಲಿ ಕೈ ಬೆರಳಿನ ನಯ ಇಲ್ಲ. ಮರ ಕೊಟ್ಟಷ್ಟು ದಪ್ಪವನ್ನು ತೆಗೆದುಕೊಂಡು ಉಳಿದದ್ದನ್ನು ಕಣ್ಣಿಗೂ ಬಣ್ಣಕ್ಕೂ ಬಿಟ್ಟಿದ್ದಾರೆ. ಗುರುಗಳು ಹೇಳುತ್ತಿದ್ದರು, ಹಲಸಿನ ಕೊರಡನ್ನು ಮೊದಲು ಮಗುಚಿ ಮಗುಚಿ ನೋಡು, ಗಂಟು ಎಲ್ಲಿದೆಯೋ ಅಲ್ಲಿ ಮುಖ ತರಬೇಡ ಎಂದು.

ಮುರಕಲ್ಲು ಅದಕ್ಕಿಂತ ಹಟಮಾರಿ. ಮೈತುಂಬ ತೂತು. ಕಣ್ಣಿನ ರೆಪ್ಪೆ, ಮೂಗಿನ ಹೊಳ್ಳೆ ಮಾಡಲು ಹೋದರೆ ಉದುರುತ್ತದೆ. ಆದರೆ ಒಂದು ಗುಣ ಇದೆ. ಕೋರೆಯಿಂದ ಆಗಷ್ಟೇ ತೆಗೆದ ಕಲ್ಲು ಒದ್ದೆಯಾಗಿ ಮೆತ್ತಗಿರುತ್ತದೆ, ಬಾಚಿಗೂ ಮಣಿಯುತ್ತದೆ. ಗಾಳಿ ಬಿಸಿಲು ತಾಗಿದ ಮೇಲೆ ವರ್ಷ ವರ್ಷ ಗಟ್ಟಿಯಾಗುತ್ತದೆ. ಈ ಗುಣ ನೋಡಿಯೇ ಬ್ರಿಟಿಷರ ಕಾಲದ ಸರ್ವೆಗಾರ ಬುಕಾನನ್ ಮಲಬಾರಿನಲ್ಲಿ ತಿರುಗಾಡಿ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ. ನಮ್ಮ ಬೇಕಲ ಕೋಟೆ ಇಷ್ಟು ಮಳೆ, ಇಷ್ಟು ಉಪ್ಪುಗಾಳಿ ತಡೆದು ನಿಂತದ್ದೂ ಇದೇ ಕಲ್ಲಿನಿಂದ.

ಕಲ್ಲಿನ ಮೇಲೆ ನೀವು ಉಳಿಯಿಂದ ಪಿಕ್ಕಾಸಿನ ಗುರುತು ಕೆತ್ತಲು ಹೋಗಬೇಡಿ. ಅದು ನಾಟಕವಾಗುತ್ತದೆ. ಸುರಂಗ ತೋಡಿದ ಕೈಗಳು ಇನ್ನೂ ಕೆಲವಾದರೂ ಇವೆಯಲ್ಲ. ಅವರನ್ನೇ ಕರೆಯಿರಿ. ಏಟು ಅವರದ್ದೇ ಆಗಲಿ.

ಪದವಿನ ಶಿಲ್ಪಿ

@ಹಲಸಿನ ಉಳಿ, ಇದನ್ನು ಓದಿ ಮಧ್ಯಾಹ್ನವೇ ಕೋರೆಗೆ ಹೋದೆ. ಮೂರಡಿ ಉದ್ದದ ದೊಡ್ಡ ಕಲ್ಲುಗಳನ್ನು ಯಂತ್ರ ಹಾಕದೆ ಎಬ್ಬಿಸಿ ಕೊಡಲು ಒಪ್ಪಿದ್ದಾರೆ. ಸದ್ಯಕ್ಕೆ ಎರಡು ಸಿಕ್ಕಿವೆ, ಒದ್ದೆ ಗೋಣಿ ಸುತ್ತಿ ನೆರಳಿನಲ್ಲಿ ಇಟ್ಟಿದ್ದೇನೆ.

@ಸುರಂಗದ ಮಗಳು, ಅಪ್ಪನನ್ನು ಒಂದು ಭಾನುವಾರ ಕರೆತರಲು ಆಗುತ್ತದೆಯೇ? ಕಾರು ಕಳಿಸುತ್ತೇನೆ. ದಿನದ ಸಂಬಳವೂ ಇದೆ. ಗೌರವಕ್ಕೆಂದು ಕರೆದು ಪುಕ್ಕಟೆ ಕೆಲಸ ಮಾಡಿಸುವುದು ಬೇಡ.

ಗಡಿ ಮೇಷ್ಟ್ರು

ಬರಹದ ಬಗ್ಗೆ ಈಗಲೇ ತೀರ್ಮಾನಿಸಿ. ಆಮೇಲೆ ಗ್ರಾನೈಟ್ ಫಲಕ ತಂದು ಅಂಟಿಸಿದರೆ ಎಲ್ಲ ಕೆಡುತ್ತದೆ. ಕನ್ನಡ, ಮಲಯಾಳಂ ಎರಡೂ ಇರಲಿ, ಒಂದೇ ಗಾತ್ರದಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ನಾವು ಬೋರ್ಡಿನ ಒಂದು ಸಾಲು ಕನ್ನಡಕ್ಕಾಗಿ ಎಷ್ಟು ಅರ್ಜಿ ಬರೆದಿದ್ದೇವೆ ಎಂದು ಹಿರಿಯರಿಗೆ ಗೊತ್ತು. ನಮ್ಮ ಕೈಯಿಂದ ಆಗುವ ಕೆಲಸದಲ್ಲಿ ಇನ್ನೊಬ್ಬರ ಭಾಷೆ ಸಣ್ಣದಾಗಬಾರದು. ಮುರಕಲ್ಲಿನಲ್ಲಿ ಸಣ್ಣ ಅಕ್ಷರ ನಿಲ್ಲುವುದಿಲ್ಲವಾದ್ದರಿಂದ ನಾಲ್ಕೇ ನಾಲ್ಕು ಪದ ಸಾಕು. ತುಳುವಿನಲ್ಲಿ ಒಂದು ಮಾತು ಸೇರಿದರೆ ಇನ್ನೂ ಒಳ್ಳೆಯದು, ಸುರಂಗದೊಳಗೆ ಆಡಿದ ಭಾಷೆ ಹೆಚ್ಚಾಗಿ ಅದೇ.

ಅನಂತಪುರ ದಾರಿ

ಸಾಮಗ್ರಿಯ ಮಾತು ಬಂದದ್ದರಿಂದ ಒಂದು ನೆನಪು. ನಮ್ಮ ಅನಂತಪುರದ ಕೆರೆಯ ದೇವಸ್ಥಾನದ ಮೂಲ ಮೂರ್ತಿಗಳು ಕಲ್ಲಿನದ್ದೂ ಅಲ್ಲ, ಲೋಹದ್ದೂ ಅಲ್ಲ. ಕಡುಶರ್ಕರ ಪಾಕದವು. ಮರದ ಎಲುಬುಗೂಡಿನ ಮೇಲೆ ಗಿಡಮೂಲಿಕೆ, ಅಂಟು, ಮಣ್ಣು ಹೀಗೆ 70ಕ್ಕೂ ಹೆಚ್ಚು ಸಾಮಗ್ರಿ ಸೇರಿಸಿ ಪದರ ಪದರವಾಗಿ ಕಟ್ಟುವ ವಿದ್ಯೆ. 1972ರಲ್ಲಿ ಪಂಚಲೋಹದ ಮೂರ್ತಿಗಳು ಬಂದವು. ಮತ್ತೆ ಹಳೆಯ ವಿಧಾನಕ್ಕೆ ಮರಳಬೇಕೆಂದಾಗ ಬಲ್ಲವರನ್ನು ಹುಡುಕಬೇಕಾಯಿತು. ಸುರಂಗ ತೋಡುವ ಕೈಗಳ ಕಥೆಯೂ ಹಾಗಾಗದಿರಲಿ. ಕೆಲಸ ನಡೆಯುವಾಗ ಊರಿನ ಮಕ್ಕಳನ್ನು ಹತ್ತಿರ ಬಿಡಿ, ಅವರೂ ಎರಡು ಏಟು ಹಾಕಲಿ.

ಪದವಿನ ಶಿಲ್ಪಿ

ಭಾನುವಾರ ನಡೆದದ್ದನ್ನು ಬರೆಯಲೇಬೇಕು.

ಹಿರಿಯರು ಒಂಬತ್ತಕ್ಕೆ ಬಂದರು. ಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಕೊಟ್ಟರು. ಒಂದು ಕಲ್ಲನ್ನು ಬೇಡ ಎಂದರು. ನನಗೆ ಎರಡೂ ಒಂದೇ ಥರ ಕಂಡಿದ್ದವು. ಮಧ್ಯಾಹ್ನ ಬೇಡವೆಂದ ಕಲ್ಲನ್ನು ಒಡೆದು ನೋಡಿದೆ, ಒಳಗೆ ಮುಷ್ಟಿಯಷ್ಟು ಬಿಳಿ ಮಣ್ಣಿನ ಗೆಡ್ಡೆ.

ಪಿಕ್ಕಾಸು ಅವರದೇ ತಂದಿದ್ದರು, ಹಿಡಿ ಮೊಟಕು. ಸುರಂಗದೊಳಗೆ ಪೂರ್ತಿ ಬೀಸಲು ಜಾಗ ಎಲ್ಲಿ? ಏಟು ಮಣಿಗಂಟಿನಿಂದ ಬರುತ್ತದೆ, ಭುಜದಿಂದಲ್ಲ. ಐದೇ ನಿಮಿಷದಲ್ಲಿ ಕಲ್ಲಿನ ಮೈಮೇಲೆ ನಾನು ನಮ್ಮ ಸುರಂಗದಲ್ಲಿ ಕಂಡ ಅದೇ ಹುರುಪೆ ಎದ್ದಿತು. ಆಮೇಲೆ ಸುಸ್ತಾಗಿ, ತಾವು ಕಡಿದ ತಗ್ಗಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚಿದರು.

ನನಗೆ ಆಕಾರ ಸಿಕ್ಕಿದ್ದು ಆಗ.

ಮನುಷ್ಯನನ್ನು ಹೊರಗೆ ನಿಲ್ಲಿಸುವುದಿಲ್ಲ. ಮುರಕಲ್ಲಿನ ದಪ್ಪ ಗೋಡೆ, ಏಳಡಿ ಎತ್ತರ, ರಸ್ತೆಗೆ ಸ್ವಲ್ಪ ಬಾಗಿದ್ದು. ನಡುವೆ ಸುರಂಗದ ಬಾಯಿ, ಅವರ ಭುಜ ಮತ್ತು ನಾಲ್ಕು ಬೆರಳು ಅಗಲ. ಒಳಗೆ ನಾಲ್ಕೇ ಅಡಿ ಆಳ. ಆ ತುದಿಯಲ್ಲಿ ಬಗ್ಗಿ ಕೂತ ಮನುಷ್ಯನ ಬೆನ್ನಿನ ತಗ್ಗು, ಬಲಭುಜ ಎರಡು ಬೆರಳು ಕೆಳಗೆ. ಯಾರು ಬೇಕಾದರೂ ಹೋಗಿ ಅದರಲ್ಲಿ ಬೆನ್ನಿಟ್ಟು ಕೂರಬಹುದು. ಕೂತ ಮಗುವಿಗೆ ಆ ಮೈ ದೊಡ್ಡದಾಗುತ್ತದೆ. ಎಷ್ಟು ದೊಡ್ಡದು ಎಂದು ಅದರ ಬೆನ್ನಿಗೇ ತಿಳಿಯುತ್ತದೆ. ಗೋಡೆಯ ಎರಡೂ ಬದಿ ಮುಂದಕ್ಕೆ ಚಾಚಿ ಕೂರುವ ದಂಡೆಗಳಾಗುತ್ತವೆ, ಚೀಲ ಇಡಲೂ ಜಾಗ. ಮಳೆನೀರು ಹಿಂದಿನ ಗುಡ್ಡೆಯಿಂದ ಸಣ್ಣ ಕಾಲುವೆಯಲ್ಲಿ ಬಂದು ಸುರಂಗದ ಬಾಯಿಂದ ಹೊರಗೆ ಹರಿಯಬೇಕು. ಆಷಾಢದಲ್ಲಿ ಶಿಲ್ಪಕ್ಕೆ ನೀರು ಬರಬೇಕು, ಬೇಸಿಗೆಯಲ್ಲಿ ಒಣಗಬೇಕು.

@ಕುಂಬಳೆ ಸೀಮೆ, ಮುಖ ಇಲ್ಲ. ಮೈ ಇದೆ. ನಿಮಗೆ ಇದು ಸಾಲದಿದ್ದರೆ ಹೇಳಿ, ಜಗಳಕ್ಕೆ ನಾನು ಸಿದ್ಧ.

ಚಂದ್ರಗಿರಿ ದಡ

ಕಂಬಿ ಇಲ್ಲದ ಕೆಲಸ ಎಂದು ಸಂತೋಷವಾಯಿತು. ಆದರೆ ಏಳಡಿ ಗೋಡೆಯ ಹಿಂದೆ ಗುಡ್ಡೆಯ ಒದ್ದೆ ಮಣ್ಣು ಒತ್ತುತ್ತದೆ. ಅಡಿಪಾಯ ಗಟ್ಟಿ ಮುರ ಸಿಗುವವರೆಗೆ ಹೋಗಲಿ, ಬುಡ ಅಗಲವಾಗಿ ಮೇಲೆ ಕಿರಿದಾಗಲಿ, ಹಿಂದೆ ಒಂದಡಿ ಜಲ್ಲಿ ತುಂಬಿಸಿ. ಬಾಯಿಯ ಮೇಲೆ ಚಪ್ಪಟೆ ತೊಲೆ ಬೇಡ, ಕಮಾನು ಮಾಡಿ. ಮುರಕಲ್ಲು ಒತ್ತುವ ಭಾರ ತಾಳುತ್ತದೆ, ಬಾಗುವ ಭಾರ ತಾಳುವುದಿಲ್ಲ. ನೀರು ಹರಿಯುವ ಕಡೆ ಪಾಚಿ ಹಿಡಿದು ಮಕ್ಕಳು ಜಾರುತ್ತಾರೆ, ನೆಲವನ್ನು ಒರಟಾಗಿಯೇ ಬಿಡಿ. ನಕ್ಷೆ ಕಳಿಸಿದರೆ ನೋಡಿಕೊಡುತ್ತೇನೆ.

ಕುಂಬಳೆ ಸೀಮೆ

ಎರಡು ದಿನ ಯೋಚಿಸಿದೆ. ಬೆನ್ನಿನ ತಗ್ಗು ಮನಸ್ಸಿಗೆ ನಾಟಿತು, ಸುಳ್ಳು ಹೇಳುವುದಿಲ್ಲ. ಆದರೆ ಹೆಸರಿನ ವಿಷಯದಲ್ಲಿ ನಾನು ಬಿಡುವುದಿಲ್ಲ. ನಮ್ಮ ಸುತ್ತಲಿನ ಗ್ರಾಮಗಳಲ್ಲಿ ಮನೆಮನೆಗೆ ಹೋಗಿ ಈ ಸುರಂಗ ತೋಡಿದವರು ಯಾರು ಎಂದು ಕೇಳಿ ಬರೆದುಕೊಳ್ಳಲು ನಾನು, ನನ್ನ ಇಬ್ಬರು ಗೆಳೆಯರು ತಯಾರಿದ್ದೇವೆ. ಕಲ್ಲಿನಲ್ಲಿ ಅಕ್ಷರ ನಿಲ್ಲದಿದ್ದರೆ ಸುಟ್ಟ ಮಣ್ಣಿನ ಬಿಲ್ಲೆಗಳಲ್ಲಿ ಬರೆದು ದಂಡೆಯಲ್ಲಿ ಕೂರಿಸಿ. ಹೆಸರು ಗೊತ್ತಾಗದವರಿಗೆ ಖಾಲಿ ಬಿಲ್ಲೆ. ಮುಂದೆ ಯಾರಾದರೂ ಬಂದು ಇದು ನಮ್ಮ ಅಜ್ಜನದ್ದು ಎಂದರೆ ಆಗ ಬರೆಯಬಹುದು.

ಪದವಿನ ಶಿಲ್ಪಿ

ಒಪ್ಪಿದೆ. ಬಿಲ್ಲೆ ಸುಡುವ ಕೆಲಸ ನನ್ನದು. ಪಟ್ಟಿ ಬೇಗ ಶುರು ಮಾಡಿ, ನೆನಪಿರುವವರೆಲ್ಲ ಎಂಬತ್ತರ ಮೇಲಿನವರು. ಹೊಸ ಮಣ್ಣಿನ ಮಾದರಿಯ ಫೋಟೋ ಹಾಕಿದ್ದೇನೆ, ಈ ಸಲ ಬಕೆಟ್ಟಿಗೆ ಹೋಗಿಲ್ಲ. ಮೇಣದಬತ್ತಿಯ ಗೂಡನ್ನು ಬಲಗಡೆ ಎದೆಮಟ್ಟದಲ್ಲಿ ಕೊರೆದಿದ್ದೇನೆ. ಹೇಗಿದೆ ನೋಡಿ ಹೇಳಿ.

ಸುರಂಗದ ಮಗಳು

ಫೋಟೋ ದೊಡ್ಡದು ಮಾಡಿ ಅಪ್ಪನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಗೂಡು ಎಡಗಡೆ ಇರಬೇಕಂತೆ. ಬಲಗೈ ಬೀಸುವ ಗಾಳಿಗೆ ಬತ್ತಿ ಆರುತ್ತದೆ ಎಂದರು.